ಆಟಿಯ ಮಳೆ, ಮನೋರಮೆ ಮತ್ತು ಕಪಾಟಿನ ಬೀಗದಕೈ

ಜೂನ್ 19 ನಮ್ಮ ಶಾಲೆಗಳಲ್ಲಿ ವಾಚನಾ ದಿನ. ಕೇರಳದ ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ.ಎನ್. ಪಣಿಕ್ಕರ್ ತೀರಿಕೊಂಡದ್ದು 1995ರ ಆ ದಿನ. ಮರುವರ್ಷದಿಂದ ರಾಜ್ಯದ ಶಾಲೆಗಳಲ್ಲೆಲ್ಲ ಇದನ್ನು ಆಚರಿಸುತ್ತಾರೆ, ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕೂಡ. ಶಾಲೆ ತೆರೆದು ಎರಡು ಮೂರು ವಾರವಾಗಿರುತ್ತದೆ, ಹೊರಗೆ ಮಳೆ ಹೊಯ್ಯುತ್ತಿರುತ್ತದೆ, ಅಂಗಳದಲ್ಲಿ ನಿಲ್ಲುವಂತಿಲ್ಲವಾದ್ದರಿಂದ ಅಸೆಂಬ್ಲಿ ಜಗಲಿಯಲ್ಲೇ. ಪ್ರತಿಜ್ಞೆ, ಭಾಷಣ, ರಸಪ್ರಶ್ನೆ, ಪೋಸ್ಟರ್ ಎಲ್ಲ ಮುಗಿದ ಮೇಲೆ ಮಕ್ಕಳಿಗೆ ಒಂದೊಂದು ಪುಸ್ತಕ ಕೊಡುತ್ತೇವೆ. ಓದಿ ಟಿಪ್ಪಣಿ ಬರೆದು ತರಬೇಕು.

ಕೆಲವು ವರ್ಷಗಳ ಹಿಂದೆ ಐದನೆಯ ತರಗತಿಯ ಹುಡುಗಿಯೊಬ್ಬಳು ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು, ಹೋಗದೆ ಅಲ್ಲೇ ನಿಂತಳು. "ಮಾಷ್ಟ್ರೇ, ಟಿಪ್ಪಣಿ ಬರೀಲಿಕ್ಕೆ ಉಂಟಾ?" ಎಂದಳು. ಉಂಟು ಎಂದೆವು. "ಟಿಪ್ಪಣಿ ಇಲ್ಲದಿದ್ರೆ ನಂಗೆ ಎರಡು ಪುಸ್ತಕ ಕೊಡಿ."

ನಗು ಬಂತು. ಆಮೇಲೆ ಯೋಚಿಸಿದರೆ ಅದು ನಗಾಡುವ ಮಾತಲ್ಲ. ಒಂದು ಪುಸ್ತಕ ಮತ್ತು ಒಂದು ಟಿಪ್ಪಣಿ ಒಂದು ಕಡೆ, ಬರಿಯ ಎರಡು ಪುಸ್ತಕ ಇನ್ನೊಂದು ಕಡೆ. ಆ ಮಗುವಿನ ಲೆಕ್ಕ ಸರಿಯಾಗಿಯೇ ಇತ್ತು. ನಮ್ಮ ಲೆಕ್ಕವೇ ಎಲ್ಲೋ ತಪ್ಪಿರಬೇಕು. ಎಲ್ಲಿ ತಪ್ಪಿತು ಎಂದು ಹುಡುಕುತ್ತಾ ಹೋದಾಗ ಕಂಡ ಹಳೆಯ ಸಂಗತಿಗಳನ್ನು ಇಲ್ಲಿ ಹೇಳುತ್ತಿದ್ದೇವೆ. ಇದು ನಮ್ಮ ಕಡೆಯ ಓದಿನ ಇತಿಹಾಸ, ಅದರಲ್ಲೂ ಪರೀಕ್ಷೆಗಲ್ಲದ ಓದಿನ ಇತಿಹಾಸ.

ಮೊದಲಿಗೆ ಒಂದು ಮಾತು. ನಮ್ಮ ಯಾವ ತರಗತಿಗೆ ಬೇಕಾದರೂ ಬಂದು "ಮನೆಯಲ್ಲಿ ಏನು ಮಾತು?" ಎಂದು ಕೇಳಿ ನೋಡಿ. ತುಳು, ಮಲಯಾಳ, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು... ಪುಸ್ತಕದಲ್ಲಿರುವ ಕನ್ನಡವನ್ನೇ ಮನೆಯಲ್ಲಿ ಆಡುವವರು ಬೆರಳೆಣಿಕೆಯವರು. ಹಿಂದೆಯೂ ಹೀಗೆಯೇ ಇತ್ತು. ಹಾಗಿದ್ದರೂ ಇದು ಕನ್ನಡದ ಊರೆಂದು ನಮ್ಮ ಹಿರಿಯರು ಹೇಳಿಕೊಂಡರು, ಅದಕ್ಕಾಗಿ 1956ರಲ್ಲಿ ಬೀದಿಗೂ ಇಳಿದರು. ಕನ್ನಡ ಅವರಿಗೆ ತೊಟ್ಟಿಲಲ್ಲಿ ಸಿಕ್ಕಿದ್ದಲ್ಲ, ಪುಸ್ತಕದ ಬಳಿ ಕೂತು ಕೇಳಿ ಸಿಕ್ಕಿದ್ದು. ಹೀಗಾಗಿ ಓದಿನ ಸುಖ ಹೋದರೆ ನಮ್ಮಲ್ಲಿ ಕನ್ನಡಕ್ಕೆ ಉಳಿಯುವುದು ಪರೀಕ್ಷೆ ಮಾತ್ರ. ಬೆಂಗಳೂರಿನ ಮಗು ಕನ್ನಡ ಪುಸ್ತಕ ಓದದಿದ್ದರೂ ಬಸ್ಸಿನಲ್ಲಿ, ಅಂಗಡಿಯಲ್ಲಿ ಕನ್ನಡ ಕೇಳೀತು. ನಮ್ಮ ಮಗುವಿಗೆ ಆ ಅನುಕೂಲ ಇಲ್ಲ.

ಇರಲಿ. ಹಳೆಯ ಕತೆಗೆ ಬರೋಣ.

ಆಟಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳು. ತೋಟದ ಕೆಲಸ ಇಲ್ಲ, ಮದುವೆ ಮುಂಜಿ ಇಲ್ಲ, ಮಳೆ ಮಾತ್ರ. ಮಲಯಾಳದವರಿಗೆ ಇದು ಕರ್ಕಾಟಕ ಮಾಸ. ಅವರ ಮನೆಗಳಲ್ಲಿ ಆ ತಿಂಗಳು ಪೂರ್ತಿ ಎಳುತ್ತಚ್ಚನ ಅಧ್ಯಾತ್ಮ ರಾಮಾಯಣ ಓದುತ್ತಾರೆ. ನಮ್ಮ ಕಡೆಯ ಚಾವಡಿಗಳಲ್ಲಿ ಓದುತ್ತಿದ್ದದ್ದು ತೊರವೆ ರಾಮಾಯಣ, ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತ. ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ನಮ್ಮ ಅಜ್ಜನ ಮನೆಯಲ್ಲಿ ಓದುವವರೂ ಅಜ್ಜನೇ, ಅರ್ಥ ಹೇಳುವವರೂ ಅಜ್ಜನೇ. ಓದುವುದು ಷಟ್ಪದಿಯಲ್ಲಿ, ಅರ್ಥ ತುಳುವಿನಲ್ಲಿ! ಅಜ್ಜಿಗೆ ಅಕ್ಷರ ಬಾರದು. ಆದರೆ ಅಜ್ಜ ನಿದ್ದೆಗಣ್ಣಿನಲ್ಲಿ ಒಂದು ಪದ್ಯ ಹಾರಿಸಿದರೆ ಕತ್ತಲೆಯೊಳಗಿಂದ "ಅದಕ್ಕೆ ಮೊದಲು ಇನ್ನೊಂದು ಉಂಟಲ್ಲ" ಎಂಬ ಮಾತು ಬರುತ್ತಿತ್ತು. ಅಕ್ಷರ ಬಾರದ ಅಜ್ಜಿಯನ್ನು ಓದುಗರ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ? ನಾವಂತೂ ಸೇರಿಸುತ್ತೇವೆ.

ಅಜ್ಜಿಗೆ ಇಷ್ಟವಾದದ್ದು ಜೈಮಿನಿ ಭಾರತದ ಚಂದ್ರಹಾಸನ ಕತೆ. ಕತೆ ನಿಮಗೆ ಗೊತ್ತೇ ಇದೆ. ಚಂದ್ರಹಾಸನಿಗೆ ವಿಷ ಕೊಡಬೇಕೆಂದು ಮಂತ್ರಿ ತನ್ನ ಮಗನಿಗೆ ಓಲೆ ಬರೆದು, ಅದನ್ನು ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ದಾರಿಯ ತೋಪಿನಲ್ಲಿ ಮಲಗಿದ್ದವನ ಓಲೆಯನ್ನು ಮಂತ್ರಿಯ ಮಗಳು ವಿಷಯೆ ತೆಗೆದು ಓದಿ, 'ವಿಷ' ಎಂದಿದ್ದಲ್ಲಿ 'ವಿಷಯೆ' ಎಂದು ತಿದ್ದುತ್ತಾಳೆ. ಸಾಯಬೇಕಾಗಿದ್ದವನಿಗೆ ಮದುವೆಯಾಗುತ್ತದೆ. ಇನ್ನೊಬ್ಬರ ಕಾಗದ ಓದಬಾರದೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಆ ಹುಡುಗಿ ಓದದಿದ್ದರೆ ಏನಾಗುತ್ತಿತ್ತು? ಹೆಣ್ಣು ಮಕ್ಕಳಿಗೆ ಓದು ಬರಹ ಏಕೆ ಎಂದು ಯಾರಾದರೂ ಕೇಳಿದರೆ ಅಜ್ಜಿ ಈ ಕತೆಯನ್ನೇ ಹೇಳುತ್ತಿದ್ದರು.

ಈ ಕಾವ್ಯಗಳು ಮೊದಲು ತಾಳೆಗರಿಯಲ್ಲಿ, ಕೈಬರಹದಲ್ಲಿ ಇದ್ದವು. ನಮ್ಮ ಜಿಲ್ಲೆಗೆ (ಕಾಸರಗೋಡು ಹಿಂದೆ ದಕ್ಷಿಣ ಕನ್ನಡದ ತಾಲೂಕಾಗಿತ್ತು) ಅಚ್ಚು ಬಂದದ್ದು ಬಾಸೆಲ್ ಮಿಶನಿನವರ ಮೂಲಕ. ಅವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಮುದ್ರಣಾಲಯ ತೆರೆದದ್ದು 1841ರಲ್ಲಿ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಸಂಪಾದಕತ್ವದಲ್ಲಿ 'ಮಂಗಳೂರ ಸಮಾಚಾರ' ಹೊರಟಿತು. ಕನ್ನಡದ ಮೊದಲ ಪತ್ರಿಕೆ ಎಂದು ಮಕ್ಕಳು ಬಾಯಿಪಾಠ ಮಾಡುವುದು ಇದನ್ನೇ. ಆದರೆ ಆ ಪತ್ರಿಕೆಯಲ್ಲಿ ಸುದ್ದಿಯ ಜತೆಗೆ ಹಾಡು, ಕತೆಗಳಿಗೂ ಜಾಗ ಇತ್ತು ಎಂಬುದನ್ನು ನಾವು ಹೇಳುವುದಿಲ್ಲ. ರಸಪ್ರಶ್ನೆಗೆ ಬೇಕಾದದ್ದು ಇಸವಿ ತಾನೇ! ಮೋಗ್ಲಿಂಗ್ ಮುಂದೆ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಧರ್ಮ ಪ್ರಚಾರಕ್ಕೆಂದು ಸಮುದ್ರ ದಾಟಿ ಬಂದ ಪಾದ್ರಿ ಪುರಂದರದಾಸರ ಪದಗಳನ್ನು ಅಚ್ಚಿಗೆ ಕಳಿಸಿದ್ದನ್ನು ನೆನೆದರೆ, ಪುಸ್ತಕದ ಹುಚ್ಚು ಮನುಷ್ಯನನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಆಶ್ಚರ್ಯವಾಗುತ್ತದೆ.

ಆದರೆ ನಮ್ಮ ಹಳ್ಳಿಯ ಮನೆಗಳಿಗೆ ಬಂದ ಅಚ್ಚಿನ ಪುಸ್ತಕ ಬಹುಮಟ್ಟಿಗೆ ಯಕ್ಷಗಾನದ ಪ್ರಸಂಗ. ಉಡುಪಿಯ ಪಾವಂಜೆ ಗುರುರಾಯರು ಅಚ್ಚು ಹಾಕಿಸಿದ ತೆಳ್ಳಗಿನ ಪ್ರಸಂಗ ಪುಸ್ತಕಗಳು ಜಾತ್ರೆಗಳಲ್ಲಿ ಸಿಗುತ್ತಿದ್ದವು, ಬಡವರೂ ಕೊಳ್ಳುವ ಬೆಲೆ. ಯಕ್ಷಗಾನ ಪ್ರಸಂಗಗಳ ಪ್ರಸಿದ್ಧ ಕವಿ ಪಾರ್ತಿಸುಬ್ಬ ನಮ್ಮ ಕುಂಬಳೆಯವನೆಂದು ನಮಗೆ ಹೆಮ್ಮೆ. ಅವನ ಕಾಲ, ಊರು, ಕೃತಿಗಳ ಬಗ್ಗೆ ವಿದ್ವಾಂಸರು ದೊಡ್ಡ ಜಗಳವನ್ನೇ ಮಾಡಿದ್ದಾರೆ. ಮುಳಿಯ ತಿಮ್ಮಪ್ಪಯ್ಯನವರದು ಒಂದು ಪಕ್ಷ, ಶಿವರಾಮ ಕಾರಂತರದು ಇನ್ನೊಂದು. ಕುಕ್ಕಿಲ ಕೃಷ್ಣ ಭಟ್ಟರು ಸುಬ್ಬನ ರಾಮಾಯಣದ ಪದಗಳಿಗೂ ಕಥಕಳಿಯ ಮೂಲವಾದ ರಾಮನಾಟ್ಟಕ್ಕೂ ಇರುವ ಹೋಲಿಕೆಯನ್ನು ತೋರಿಸಿದರು. ಅಂದರೆ ಗಡಿ ಎಳೆಯುವ ಮೊದಲೇ ಪದ್ಯಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ಈ ಪ್ರಸಂಗ ಪುಸ್ತಕದಿಂದಲೇ ಅಕ್ಷರ ಗಟ್ಟಿ ಮಾಡಿಕೊಂಡವರು ನಮ್ಮ ಊರಲ್ಲಿ ಎಷ್ಟೋ ಮಂದಿ. ಹಗಲು ಅಡಿಕೆ ಸುಲಿದವರು ರಾತ್ರಿ ತಾಳಮದ್ದಳೆಯಲ್ಲಿ ಅರ್ಥ ಹೇಳಲು ಕೂತರೆ, ಮನೆಯಲ್ಲಿ ತುಳು ಆಡುವವರ ಬಾಯಲ್ಲಿ ಕರ್ಣನೂ ಶಲ್ಯನೂ ಅಚ್ಚ ಕನ್ನಡದಲ್ಲಿ ವಾದಿಸುತ್ತಿದ್ದರು. ತಾಳಮದ್ದಳೆಯಲ್ಲಿ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ನಮ್ಮ ಈ ನೆಲದವರೇ. ಅವರ ಅರ್ಥ ಕೇಳಲು ರಾತ್ರಿ ಇಡೀ ಕೂತವರು ಯಾರೂ ಮರುದಿನ ಟಿಪ್ಪಣಿ ಒಪ್ಪಿಸಬೇಕಾಗಿರಲಿಲ್ಲ.

ಈಗ ನಮ್ಮ ಮನಸ್ಸಿಗೆ ತುಂಬ ಹತ್ತಿರದವನೊಬ್ಬನ ಕತೆ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ. ಹುಟ್ಟಿದ್ದು 1870ರಲ್ಲಿ, ಕ್ಷಯದಿಂದ ತೀರಿಕೊಂಡದ್ದು 1901ರಲ್ಲಿ, ಬರೇ ಮೂವತ್ತೊಂದು ವರ್ಷಕ್ಕೆ. ಉದ್ಯೋಗ ಉಡುಪಿಯಲ್ಲಿ ಡ್ರಿಲ್ ಮಾಷ್ಟ್ರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡ ಬಲ ಹೇಳಿಸುತ್ತಿದ್ದ ಈ ಬಡ ಮಾಷ್ಟ್ರು ಮನೆಗೆ ಬಂದು ಹಳಗನ್ನಡದಲ್ಲಿ ಬರೆಯುತ್ತಿದ್ದರು. ತನ್ನ ಹೆಸರು ಹೇಳಿಕೊಳ್ಳಲು ಎಷ್ಟು ಸಂಕೋಚವೆಂದರೆ 'ಅದ್ಭುತ ರಾಮಾಯಣ'ವನ್ನು ಯಾವುದೋ ಹಳೆಯ ಗ್ರಂಥವೆಂಬಂತೆ ಮೈಸೂರಿನ 'ಕಾವ್ಯಮಂಜರಿ'ಗೆ ಕಳಿಸಿದರು. ಅಲ್ಲಿಯ ಪಂಡಿತರು ನಂಬಿ ಅಚ್ಚು ಹಾಕಿಯೂ ಹಾಕಿದರು. ಇದೇ ಮನುಷ್ಯ 'ರತ್ನಾವತಿ ಕಲ್ಯಾಣ', 'ಕುಮಾರವಿಜಯ' ಎಂಬ ಎರಡು ಯಕ್ಷಗಾನ ಪ್ರಸಂಗಗಳನ್ನೂ ಬರೆದಿದ್ದಾರೆ.

ಅವರ 'ರಾಮಾಶ್ವಮೇಧ'ದಲ್ಲಿ ರಾಮನಿಗಿಂತಲೂ ಓದುಗರ ಮನಸ್ಸಿನಲ್ಲಿ ಉಳಿದವಳು ಮನೋರಮೆ. ಮಳೆಗಾಲದ ಒಂದು ಹೊತ್ತು, ಗಂಡ ಮನೆಗೆ ಬಂದಿದ್ದಾನೆ, ಹೊತ್ತು ಹೋಗಬೇಕು, ಒಂದು ಒಳ್ಳೆಯ ಕತೆ ಹೇಳು ಎನ್ನುತ್ತಾಳೆ. ಪದ್ಯದಲ್ಲಿ ಹೇಳಲೋ ಗದ್ಯದಲ್ಲಿ ಹೇಳಲೋ ಎಂದರೆ ಪದ್ಯ ಬೇಡವೇ ಬೇಡ, ಗದ್ಯವೇ ಆಗಲಿ ಎನ್ನುತ್ತಾಳೆ. ಆತ ಸಂಸ್ಕೃತ ತುಂಬಿದ ಬಿಗಿ ಮಾತಿನಲ್ಲಿ ಶುರು ಮಾಡಿದರೆ ಅರ್ಥವಾಗುವ ಕನ್ನಡದಲ್ಲಿ ಹೇಳು ಎಂದು ತಡೆಯುತ್ತಾಳೆ. ಕತೆಯ ನಡುನಡುವೆ ಬಾಯಿ ಹಾಕುತ್ತಾಳೆ, ಕೀಟಲೆ ಮಾಡುತ್ತಾಳೆ, ಸಂಶಯ ಕೇಳುತ್ತಾಳೆ. ನೂರಿಪ್ಪತ್ತು ವರ್ಷಗಳಿಗೂ ಹಿಂದೆ ನಮ್ಮ ಕರಾವಳಿಯ ಒಬ್ಬ ಡ್ರಿಲ್ ಮಾಷ್ಟ್ರು ಕಲ್ಪಿಸಿದ ಓದುಗಳು ಹೀಗಿದ್ದಾಳೆ! ಭಕ್ತಿಯಿಂದ ಕೈಕಟ್ಟಿ ಕೇಳುವವಳಲ್ಲ, ಬೇಸರವಾದರೆ ಬೇಸರ ಎಂದು ಹೇಳುವವಳು. ಕನ್ನಡ ಸಾಹಿತ್ಯದಲ್ಲಿ ಇವಳಿಗಿಂತ ಒಳ್ಳೆಯ ಓದುಗಳು ನಮಗೆ ಗೊತ್ತಿಲ್ಲ. ಇವಳು ನಮ್ಮ ತರಗತಿಯಲ್ಲಿ ಇದ್ದಿದ್ದರೆ 'ಮಾತು ಜಾಸ್ತಿ' ಎಂದು ಹಿಂದಿನ ಬೆಂಚಿಗೆ ಕಳಿಸುತ್ತಿದ್ದೆವೋ ಏನೋ.

ಮಂಜೇಶ್ವರದ ಗೋವಿಂದ ಪೈಗಳದು (1883–1963) ಇನ್ನೊಂದು ಬಗೆ. ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ಪರೀಕ್ಷೆಯ ಹೊತ್ತಿಗೆ ತಂದೆಯವರ ಸ್ಥಿತಿಯಿಂದಾಗಿ ಊರಿಗೆ ಬರಬೇಕಾಯಿತು. ಬರೆದದ್ದು ಇಂಗ್ಲಿಷ್ ಪರೀಕ್ಷೆ ಮಾತ್ರ, ಅದರಲ್ಲಿ ಚಿನ್ನದ ಪದಕ. ಪದವಿ ಮಾತ್ರ ಸಿಗಲಿಲ್ಲ! ಪದವಿ ಇಲ್ಲದ ಈ ಮನುಷ್ಯ ಆಮೇಲೆ ಮಂಜೇಶ್ವರದ ಮನೆಯಲ್ಲಿ ಕೂತು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು ಕಲಿತರು. ಯಾವ ಹುದ್ದೆಗೂ ಅಲ್ಲ, ಓದುವುದಕ್ಕೆ. 1911ರಲ್ಲಿ ಕನ್ನಡ ಕವಿತೆಯ ಆದಿಪ್ರಾಸವನ್ನು ಬಿಟ್ಟು ಬರೆದರು. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ. 1949ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿ ಎಂದು ಗೌರವಿಸಿತು. ಅವರ ಪುಸ್ತಕಗಳು ಮುಂದೆ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಹೋದವು. ಮಂಜೇಶ್ವರದ ಮನೆ ಸ್ಮಾರಕವಾಗಿದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಒಬ್ಬ ಹುಡುಗ "ಅವರಿಗೆ ಅಷ್ಟು ಭಾಷೆ ಯಾವ ಟೀಚರ್ ಕಲಿಸಿದ್ದು?" ಎಂದು ಕೇಳಿದ. ಉತ್ತರ ಹೇಳಲು ನಮಗೆ ಸ್ವಲ್ಪ ಕಷ್ಟವಾಯಿತು.

ಕವಿ ಕಯ್ಯಾರ ಕಿಞ್ಞಣ್ಣ ರೈಗಳ (1915–2015) ಬಗ್ಗೆ ಎಲ್ಲರಿಗೂ ಗೊತ್ತು. ಇಲ್ಲಿ ಹೇಳಬೇಕಾದದ್ದು ಇಷ್ಟೇ: ಅವರೂ ಪೆರಡಾಲದ ಮಾಷ್ಟ್ರು.

ಇನ್ನು ಕಪಾಟಿನ ವಿಷಯ. ನಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಶಾಲೆಯಲ್ಲಿದ್ದೆವು. ಅಲ್ಲಿ ಒಂದು ಮರದ ಕಪಾಟು, ಅದರ ತುಂಬ ಕನ್ನಡ ಪುಸ್ತಕ. ಗ್ರಂಥಾಲಯದ ಹೊಣೆ ನಮ್ಮ ತಲೆಗೆ ಬಂತು. ಹೊಣೆ ಎಂದರೇನು? ಸ್ಟಾಕ್ ರಿಜಿಸ್ಟರ್‌ನಲ್ಲಿ ಎಷ್ಟಿದೆಯೋ ಅಷ್ಟು ಕಪಾಟಿನಲ್ಲಿಯೂ ಇರಬೇಕು, ಕಡಿಮೆಯಾದರೆ ಕೈಯಿಂದ ಕಟ್ಟಬೇಕು ಎಂದು ಹಿರಿಯರು ಹೆದರಿಸಿದರು. ಕೊಡದಿದ್ದರೆ ಕಳೆಯುವ ಪ್ರಶ್ನೆಯೇ ಇಲ್ಲವಲ್ಲ! ಬೀಗ ಹಾಕಿ ಬೀಗದಕೈಯನ್ನು ಕಿಸೆಯಲ್ಲಿ ಇಟ್ಟುಕೊಂಡೆವು. ಒಂದು ಮಳೆಗಾಲ ಕಳೆದು ಬೀಗ ತೆಗೆದರೆ ಕೆಳಗಿನ ಎರಡು ಅಟ್ಟೆಯ ಪುಸ್ತಕಗಳನ್ನು ಗೆದ್ದಲು ಒಂದು ಪುಟವೂ ಬಿಡದೆ ಓದಿ ಮುಗಿಸಿತ್ತು. ಟಿಪ್ಪಣಿ ಬರೆದಿರಲಿಲ್ಲ. ತಪ್ಪು ಬೇರೆ ಯಾರದೂ ಅಲ್ಲ, ನಮ್ಮದೇ.

ಈ ಬೀಗದ ರೋಗ ಹಳೆಯದು. ಯುರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೇ ಕಟ್ಟಿ ಇಡುತ್ತಿದ್ದರಂತೆ. ಎಸ್.ಆರ್. ರಂಗನಾಥನ್ (1892–1972) ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಈ ಸಂಗತಿಯನ್ನು ಹೇಳಿ, ಪುಸ್ತಕ ಇರುವುದು ಕಾಯಲಿಕ್ಕಲ್ಲ, ಜನರ ಕೈಗೆ ಹೋಗಲಿಕ್ಕೆ ಎಂಬರ್ಥದ ತತ್ವವನ್ನು ತಮ್ಮ ಐದು ಸೂತ್ರಗಳಲ್ಲಿ ಮೊದಲನೆಯದಾಗಿ ಇಟ್ಟರು. ಅದು 1931ರ ಮಾತು. ಇಡೀ ಜಗತ್ತಿನ ಗ್ರಂಥಪಾಲಕರು ಇಂದಿಗೂ ಆ ಐದು ಸೂತ್ರ ಕಲಿಯುತ್ತಾರೆ. ಈ ರಂಗನಾಥನ್ ಮೊದಲು ಗಣಿತದ ಮಾಷ್ಟ್ರು, 1917ರಲ್ಲಿ ಪಾಠ ಮಾಡಲು ಸೇರಿದ್ದು ನಮ್ಮ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ! 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದಾಗ ಕೆಲವೇ ದಿನಗಳಲ್ಲಿ ಬೇಸರ ಬಂದು, ಪಾಠಕ್ಕೇ ಮರಳಿ ಬರುತ್ತೇನೆ ಎಂದು ಕೇಳಿಕೊಂಡಿದ್ದರಂತೆ. ಅದೃಷ್ಟಕ್ಕೆ ಬಿಡಲಿಲ್ಲ. 1948ರಲ್ಲಿ ಮದರಾಸು ಪ್ರಾಂತ್ಯದಲ್ಲಿ ಬಂದ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಹಿಂದೆ ಇದ್ದವರು ಅವರೇ. ಆಗ ಕಾಸರಗೋಡೂ ಮದರಾಸಿಗೆ ಸೇರಿತ್ತಾದ್ದರಿಂದ ಆ ಕಾಯಿದೆ ನಮ್ಮದೂ ಹೌದು.

1956ರ ನವೆಂಬರ್ 1ಕ್ಕೆ ನಾವು ಕೇರಳದವರಾದೆವು. ಅದರ ದುಃಖವನ್ನು ನಮ್ಮ ಹಿರಿಯರು ಸಾಕಷ್ಟು ಬರೆದಿದ್ದಾರೆ, ಅದು ಸುಳ್ಳಲ್ಲ. ಆದರೆ ಒಂದು ಮಾತನ್ನು ಒಪ್ಪಬೇಕು. ನಾವು ಬಂದು ಸೇರಿದ್ದು ಓದುವ ಹುಚ್ಚಿನ ರಾಜ್ಯವನ್ನು. ಪಣಿಕ್ಕರ್ ಕೂಡ ಶಾಲೆಯ ಮಾಷ್ಟ್ರೇ. ತನ್ನ ಊರು ನೀಲಂಪೇರೂರಿನಲ್ಲಿ ಗ್ರಂಥಾಲಯ ಶುರು ಮಾಡಿದಾಗ ಇನ್ನೂ ಹದಿಹರೆಯ. 1945ರಲ್ಲಿ ಅಂಬಲಪ್ಪುಳದಲ್ಲಿ 47 ಗ್ರಂಥಾಲಯಗಳನ್ನು ಒಟ್ಟು ಸೇರಿಸಿ ಸಂಘ ಕಟ್ಟಿದರು, ಊರೂರು ತಿರುಗಿ ಅದನ್ನು ಬೆಳೆಸಿದರು. ಇನ್ನು ನಮ್ಮ ನೆರೆಯ ಕಣ್ಣೂರಿನ ಬೀಡಿ ಕೆಲಸದವರದು ಕೇಳಿದರೆ ಸಂತೋಷವಾಗುವ ಪದ್ಧತಿ. ಎಲ್ಲರೂ ಸಾಲಾಗಿ ಕೂತು ಬೀಡಿ ಕಟ್ಟುವಾಗ ಒಬ್ಬ ಮಾತ್ರ ಗಟ್ಟಿಯಾಗಿ ಪೇಪರು, ಕತೆ, ಕಾದಂಬರಿ ಓದಬೇಕು. ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿ ಕೊಡುತ್ತಾರೆ. ಓದುವುದಕ್ಕೆ ಕೂಲಿ! ನಮ್ಮ ಅಜ್ಜನ ಚಾವಡಿಯ ಓದೇ ಅಲ್ಲಿ ಬೀಡಿಯ ಎಲೆಯ ನಡುವೆ ನಡೆಯುತ್ತಿತ್ತು.

ನಮ್ಮ ಸ್ವಂತ ಓದು ಇಷ್ಟು ಗೌರವದ್ದಲ್ಲ. ಶುರುವಾದದ್ದು ಬೆಲ್ಲದ ಪೊಟ್ಟಣದಿಂದ. ಅಂಗಡಿಯಿಂದ ತಂದ ಪೊಟ್ಟಣ ಬಿಚ್ಚಿದರೆ ಯಾವುದೋ ವಾರಪತ್ರಿಕೆಯ ಧಾರಾವಾಹಿಯ ಒಂದು ಹಾಳೆ. ನಾಯಕಿ ಬಾಗಿಲು ತೆರೆಯುವಲ್ಲಿಗೆ ಹಾಳೆ ಮುಗಿಯುತ್ತದೆ. ಬಾಗಿಲ ಹಿಂದೆ ಯಾರಿದ್ದರು ಎಂಬುದು ಈ ಕ್ಷಣದವರೆಗೂ ಗೊತ್ತಾಗಲಿಲ್ಲ. ಆಮೇಲೆ ಚಂದಮಾಮ. 1949ರಿಂದ ಕನ್ನಡದಲ್ಲಿ ಬರುತ್ತಿದ್ದ ಆ ಮಾಸಪತ್ರಿಕೆ ಈಗ ನಿಂತುಹೋಗಿದೆ, ಅಂದು ಅದು ಒಂದು ಮನೆಗೆ ಬಂದರೆ ಹತ್ತು ಮನೆಗೆ ತಿರುಗುತ್ತಿತ್ತು. ಟಿ.ಸಿ.ಎಚ್. ಕಲಿಯಲು ಗಡಿ ದಾಟಿ ಹೋದಾಗ ಬಾಡಿಗೆ ಪುಸ್ತಕದಂಗಡಿ ಕಂಡೆವು. ಶಿಕ್ಷಣ ಮನೋವಿಜ್ಞಾನದ ದಪ್ಪ ಪುಸ್ತಕದೊಳಗೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಇಟ್ಟು ಓದಿದ್ದೇವೆ. ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಮಾತ್ರ ಕಲಿತು ನೂರಾರು ಕಾದಂಬರಿ ಬರೆದವರು ಅವರು. ಮಕ್ಕಳ ಮನಸ್ಸು ಯಾವುದರ ಹಿಂದೆ ಓಡುತ್ತದೆ ಎಂಬುದನ್ನು ಹೊರಗಿನ ಪುಸ್ತಕಕ್ಕಿಂತ ಒಳಗಿನ ಪುಸ್ತಕವೇ ನಮಗೆ ಚೆನ್ನಾಗಿ ಕಲಿಸಿತು ಎಂದರೆ ಗುರುಗಳು ಕ್ಷಮಿಸಬೇಕು.

ಅಜ್ಜಿ, ಮನೋರಮೆ, ಬೀಡಿ ಕಟ್ಟುವವರು, ಪೊಟ್ಟಣದ ಹಾಳೆ... ಇಷ್ಟರಲ್ಲಿ ಎಲ್ಲಿಯೂ ಟಿಪ್ಪಣಿ ಕಾಣಲಿಲ್ಲ. ಟಿಪ್ಪಣಿ ಬೇಡವೆಂದು ನಾವು ಹೇಳುವುದಿಲ್ಲ, ಬರೆಯಲೂ ಕಲಿಯಬೇಕಲ್ಲ. ಆದರೆ ಟಿಪ್ಪಣಿ ಬರೆಯುವುದಕ್ಕಾಗಿ ಓದುವ ಮಗು ಅತಿ ತೆಳ್ಳಗಿನ ಪುಸ್ತಕವನ್ನೇ ಹುಡುಕುತ್ತದೆ. ಇದನ್ನು ನಾವು ವರ್ಷ ವರ್ಷವೂ ಕಣ್ಣಾರೆ ನೋಡುತ್ತಿದ್ದೇವೆ.

ಆ ಹುಡುಗಿಗೆ ಎರಡು ಪುಸ್ತಕ ಕೊಟ್ಟೆವು. ಆ ವರ್ಷದಿಂದ ಕಪಾಟಿನ ಬೀಗದಕೈಯನ್ನು ಮಕ್ಕಳ ಕೈಗೆ ಎಟಕುವ ಮೊಳೆಗೆ ನೇತುಹಾಕಿದ್ದೇವೆ. ಶುಕ್ರವಾರದ ಕೊನೆಯ ಪಿರಿಯಡ್ ಓದಿಗೆ. ಒಬ್ಬರು ಗಟ್ಟಿಯಾಗಿ ಓದಿದರೂ ಆಯಿತು, ಮೂಲೆಯಲ್ಲಿ ಕೂತು ತನ್ನಷ್ಟಕ್ಕೆ ಓದಿದರೂ ಆಯಿತು, ನಡುವೆ ಬಾಯಿ ಹಾಕಿದರೂ ಬೈಯುವಂತಿಲ್ಲ. ಮಲಯಾಳ ಮನೆಮಾತಿನ ಹುಡುಗನೊಬ್ಬ ಕನ್ನಡದ ಕತೆ ಓದಿ ಪಕ್ಕದವನಿಗೆ ಮಲಯಾಳದಲ್ಲಿ ಅರ್ಥ ಹೇಳುವುದನ್ನು ಕೇಳಿದಾಗ ಅಜ್ಜನ ನೆನಪಾಯಿತು. ಪುಸ್ತಕ ಕಳೆದದ್ದೂ ಉಂಟು, ಸುಳ್ಳು ಹೇಳಬಾರದು. ಮೂರೋ ನಾಲ್ಕೋ ಹೋಗಿವೆ, ಕೈಯಿಂದ ಕಟ್ಟಿದ್ದೇವೆ. ಗೆದ್ದಲಿಗೆ ಕೊಟ್ಟದ್ದಕ್ಕಿಂತ ಕಡಿಮೆಯೇ.

ಹುಡುಗಿ ಎರಡು ವಾರ ಬಿಟ್ಟು ಪುಸ್ತಕ ತಂದಳು. ಹಾಲಿನ ಪ್ಯಾಕೆಟಿನೊಳಗೆ ಸುತ್ತಿ ತಂದಿದ್ದರೂ ಒಂದರ ಅಂಚು ಒದ್ದೆಯಾಗಿ ಹಪ್ಪಳದ ಹಾಗೆ ಉಬ್ಬಿತ್ತು. ಹೆದರಿಕೊಂಡೇ ಮೇಜಿನ ಮೇಲೆ ಇಟ್ಟಳು. "ಇದು ಬೋರು ಮಾಷ್ಟ್ರೇ, ಅರ್ಧಕ್ಕೆ ಬಿಟ್ಟೆ" ಎಂದು ಒಣಗಿದ್ದನ್ನು ತೋರಿಸಿದಳು. ಒದ್ದೆಯಾದದ್ದನ್ನು ಮತ್ತೊಂದು ವಾರ ಇಟ್ಟುಕೊಳ್ಳಬಹುದಾ ಎಂದು ಕೇಳಿದಳು, ಅವಳ ಅಮ್ಮ ಇನ್ನೂ ಓದಿ ಮುಗಿಸಿಲ್ಲವಂತೆ. ಕೊಟ್ಟೆವು. ರಿಜಿಸ್ಟರ್‌ನ ಷರಾ ಕಾಲಂನಲ್ಲಿ "ಮಳೆಗೆ ಒದ್ದೆ, ಓದುತ್ತಿದ್ದಾರೆ" ಎಂದು ಬರೆದೆವು.